ಪಟ್ಟಿಯಲ್ಲಿಲ್ಲದ ಡೇಟಾಬೇಸು ಮತ್ತು ಕಂಪ್ಯೂಟರಮ್ಮ

ಕಣ್ಣಾಸ್ಪತ್ರೆಯ ದಾಖಲೆ ಕೋಣೆಯಲ್ಲಿ ಕೂರುವ ಆಕೆಯನ್ನು ಎಲ್ಲರೂ ಕರೆಯುವುದು ಕಂಪ್ಯೂಟರಮ್ಮ ಎಂದೇ. ಇಪ್ಪತ್ತೆರಡನೇ ವಯಸ್ಸಿಗೆ ಟೈಪಿಸ್ಟ್ ಆಗಿ ಸೇರಿದವಳು. ಡಾಕ್ಟರು ಗೀಚಿದ ಚೀಟಿ ನೋಡಿ ರೋಗಿಯ ಹೆಸರು, ವಯಸ್ಸು, ಕನ್ನಡಕದ ಪವರು ಟೈಪ್ ಮಾಡುವುದಷ್ಟೇ ಆಗಿನ ಕೆಲಸ. ಕಂಪ್ಯೂಟರ್ ಕೆಟ್ಟಾಗಲೆಲ್ಲ ರಿಪೇರಿಯವನ ಬೆನ್ನ ಹಿಂದೆ ನಿಂತು ನೋಡಿ, ಅವನು ಬಿಟ್ಟುಹೋದ ಕೈಪಿಡಿಗಳನ್ನು ಓದಿ, ಹತ್ತು ವರ್ಷದಲ್ಲಿ ರಿಪೇರಿಯವನನ್ನು ಕರೆಯಬೇಕಾಗಿಲ್ಲ ಎನ್ನುವಷ್ಟು ಕಲಿತಳು.

ಹೋದ ವರ್ಷ ಆಸ್ಪತ್ರೆಗೆ ಹೊಸ ವ್ಯವಸ್ಥೆ ಬಂತು. ರೋಗಿಗಳು ಮನೆಯಿಂದಲೇ ಸಮಯ ಗೊತ್ತುಮಾಡಿಕೊಳ್ಳಬಹುದು, ಡಾಕ್ಟರು ಯಾವ ಕೋಣೆಯಲ್ಲಿದ್ದರೂ ಹಳೇ ದಾಖಲೆ ನೋಡಬಹುದು. ಇದನ್ನೆಲ್ಲ ನಡೆಸುವುದು ಅಪ್ಲಿಕೇಶನ್ ಸರ್ವರ್. ಕೇಳಿದವರಿಗೆ ಮಾಹಿತಿ ತಂದುಕೊಡುವುದು ಅದರ ಕೆಲಸ. ಆದರೆ ಮಾಹಿತಿ ಕೂಡಿಟ್ಟಿರುವ ಡೇಟಾಬೇಸಿನ ಭಾಷೆ ಅದಕ್ಕೆ ಬರಬೇಕು. ಅಳವಡಿಸಲು ಬಂದ ಎಂಜಿನಿಯರು ಆಸ್ಪತ್ರೆಯ ಡೇಟಾಬೇಸಿನ ಹೆಸರು ಕೇಳಿ, ತನ್ನ ಪಟ್ಟಿಯ ಮೇಲೆ ಬೆರಳಾಡಿಸಿ, ಕೈಚೆಲ್ಲಿದ. ಆ ಸರ್ವರ್‌ಗೆ ಗೊತ್ತಿದ್ದದ್ದು ಐದೇ ಐದು ಡೇಟಾಬೇಸು. ಇದು ಅದರಲ್ಲಿಲ್ಲ, ಇದನ್ನು ಮಾಡಿದ ಕಂಪನಿಯೇ ಬಾಗಿಲು ಹಾಕಿ ಹದಿನೈದು ವರ್ಷವಾಗಿತ್ತು. ನಾಲ್ಕು ಲಕ್ಷ ರೋಗಿಗಳ ದಾಖಲೆಯನ್ನು ಹೊಸ ಡೇಟಾಬೇಸಿಗೆ ಸಾಗಿಸಿಬಿಡೋಣ ಎಂದ.

ಮಾದರಿಗೆಂದು ನೂರು ದಾಖಲೆ ಸಾಗಿಸಿದರು. ಆಕೆ ಒಂದೊಂದನ್ನೂ ಹಳೆಯದರ ಪಕ್ಕದಲ್ಲಿಟ್ಟು ನೋಡಿದಳು. ಹಳೇ ಡೇಟಾಬೇಸು ಮೈನಸ್ ಗುರುತನ್ನು ಅಂಕಿಯ ಕೊನೆಗೆ ಇಡುತ್ತಿತ್ತು. ಸಾಗಿಸುವ ತಂತ್ರಾಂಶ ಅದನ್ನು ಕಸವೆಂದು ಉದುರಿಸಿಬಿಟ್ಟಿತ್ತು. ಮೈನಸ್ ಪವರಿನವರು, ಅಂದರೆ ದೂರದ್ದು ಕಾಣದವರೆಲ್ಲ, ಹತ್ತಿರದ್ದು ಕಾಣದವರಾಗಿ ಕೂತಿದ್ದರು. ಆಕೆ ಎದ್ದು ನೇರ ಹಿರಿಯ ಡಾಕ್ಟರ ಕೋಣೆಗೆ ನಡೆದಳು.

"ನೂರರಲ್ಲೇ ಇಷ್ಟು ಕಣ್ಣಿಗೆ ಬಿತ್ತು ಮೇಡಂ. ನಾಲ್ಕು ಲಕ್ಷದಲ್ಲಿ ಇನ್ನೇನೇನು ಉದುರುತ್ತೋ. ಡೇಟಾ ಇದ್ದಲ್ಲೇ ಇರ್ಲಿ, ಸರ್ವರ್‌ಗೇ ನಮ್ಮ ಡೇಟಾಬೇಸಿನ ಭಾಷೆ ಕಲಿಸ್ತೀನಿ."

"ಅದು ಆಗೋ ಕೆಲ್ಸಾನಾ?" ಎಂದರು ಡಾಕ್ಟರು.

"ಸರ್ವರಿನ ಕೈಪಿಡಿ ಕೊನೇಲಿ ಎರಡು ಪುಟ ಇದೆ. ಆಗುತ್ತೆ ಅಂತ ಅವರೇ ಬರೆದಿದ್ದಾರೆ. ಯಾರೂ ಅಲ್ಲೀವರೆಗೆ ಓದಿಲ್ಲ, ಅಷ್ಟೆ."

ಡಾಕ್ಟರು ಮೂರು ವಾರ ಕೊಟ್ಟರು.

ಆ ಎರಡು ಪುಟದಲ್ಲಿದ್ದದ್ದು ಇಪ್ಪತ್ಮೂರು ಖಾಲಿ ಜಾಗ. ಸರ್ವರು ಕೇಳುವ ಒಂದೊಂದು ಬಗೆಯ ಪ್ರಶ್ನೆಗೂ ನಮ್ಮ ಡೇಟಾಬೇಸಿನಲ್ಲಿ ಏನನ್ನಬೇಕು ಎಂದು ಬರೆದು ತುಂಬಿಸಬೇಕು. ಮೊದಲ ಇಪ್ಪತ್ತು ಹೆಸರು ಬೇಕೆಂದರೆ ಸರ್ವರು ಇಪ್ಪತ್ತನ್ನು ವಾಕ್ಯದ ಕೊನೆಗೆ ಹೇಳುತ್ತಿತ್ತು, ಹಳೆಯದಕ್ಕೆ ಅದನ್ನು ಮೊದಲೇ ಹೇಳಬೇಕು. ಆಕೆ ತಿರುಗಿಸಿ ಬರೆದಳು. ಕೊನೆಯ ಮೈನಸ್ಸನ್ನು ಮುಂದಕ್ಕೆ ತಂದಳು. ಎಂಜಿನಿಯರು ಮೊದಲು ಮೂಗು ಮುರಿದ. ಆರನೇ ದಿನಕ್ಕೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತ. ಪರೀಕ್ಷೆಗೆ ಓಡಿಸಿದರೆ ಹತ್ತೇ ನಿಮಿಷಕ್ಕೆ ಎಲ್ಲ ನಿಂತಿತು. ಸರ್ವರು ಒಮ್ಮೆಗೇ ಐವತ್ತು ಸಂಪರ್ಕ ತೆರೆಯುತ್ತಿತ್ತು, ಹಳೆಯದು ಒಪ್ಪುವುದು ಹದಿನಾರು. ಆಮೇಲೆ ಜಪ್ಪಯ್ಯ ಅಂದರೂ ಬಾಯಿ ಬಿಡದು. ಎರಡು ದಿನ ತಲೆ ಕೆರೆದುಕೊಂಡ ಮೇಲೆ ಸರ್ವರಿನ ಐವತ್ತನ್ನು ಹದಿನಾರು ಮಾಡಿದ್ದಕ್ಕೆ ಸರಿಹೋಯಿತು.

ನಿಜವಾದ ರೋಗಿಯೊಬ್ಬರು ಬೇಕಾಗಿದ್ದರು. ಆಕೆಯ ಮಾವನವರದು ಹೇಗೂ ವರ್ಷದ ತಪಾಸಣೆ ಬಾಕಿಯಿತ್ತು. ಬಂದು ಬೆಂಚಿನಲ್ಲಿ ಕೂತರು. ಹೆಸರು ಹಾಕಿದರೆ, ಅಂಥವರು ಯಾರೂ ಇಲ್ಲ ಎಂದಿತು ಪರದೆ.

"ಇಪ್ಪತ್ನಾಲ್ಕು ವರ್ಷದಿಂದ ಬರ್ತಿದ್ದೀನಿ. ಇದಕ್ಕೆ ನಾನು ಇಲ್ವಂತಾ?" ಎಂದರು ಮಾವ.

"ಇದ್ದೀರಿ ಮಾವ, ಸ್ವಲ್ಪ ಕೂತ್ಕೊಳ್ಳಿ. ಹುಡುಕ್ತೀನಿ."

ಒಂದು ಗಂಟೆಯಾದ ಮೇಲೆ ಸಿಕ್ಕರು. ಹಳೇ ಡೇಟಾಬೇಸು ಪ್ರತಿ ಹೆಸರಿನ ಕೊನೆಗೂ ಮೂವತ್ತು ಅಕ್ಷರದ ಜಾಗ ತುಂಬುವಷ್ಟು ಖಾಲಿ ಜಾಗ ಸೇರಿಸುತ್ತಿತ್ತು. ಆ ಬಾಲ ಕತ್ತರಿಸಿದ್ದೇ ತಡ, ಮಾವನವರ ಇಪ್ಪತ್ನಾಲ್ಕು ವರ್ಷವೂ ಪರದೆಯ ಮೇಲೆ ಬಂತು. ಮೈನಸ್ಸುಗಳೆಲ್ಲ ತಮ್ಮ ಜಾಗದಲ್ಲಿದ್ದವು. ಜೊತೆಗೆ ಮೊದಲ ಭೇಟಿಯ ಷರಾ ಕೂಡ ಬಂತು. ಆಗಿನ್ನೂ ಮದುವೆಯಾಗದ ಆಕೆಯೇ, ಡಾಕ್ಟರ ಚೀಟಿಯಲ್ಲಿ ಇಲ್ಲದ್ದನ್ನು, ಟೈಪ್ ಮಾಡಿದ್ದು: "ಅಕ್ಷರ ಓದಿ ಅಂದರೆ ವಾದ ಮಾಡುತ್ತಾರೆ. ಮಾತು ವಿಪರೀತ."

ಆಕೆ ಅದನ್ನು ಮುಚ್ಚಲು ಹೋಗುವಷ್ಟರಲ್ಲಿ, ಬೆಂಚಿನಿಂದೆದ್ದು ಹತ್ತಿರ ಬಂದಿದ್ದ ಮಾವ ಓದಿಬಿಟ್ಟಿದ್ದರು.

"ಗೊತ್ತಮ್ಮ," ಎಂದರು. "ಅವತ್ತೇ ನಿನ್ನ ಹೆಗಲ ಮೇಲಿಂದ ಓದಿದ್ದೆ. ನನಗೆ ದೂರದ್ದು ಕಾಣಲ್ಲ, ಹತ್ತಿರದ್ದು ಚೆನ್ನಾಗಿ ಕಾಣುತ್ತೆ. ಇದ್ದದ್ದು ಇದ್ದ ಹಾಗೆ ಬರೆಯೋ ಹುಡುಗಿ ಅಂತ ಮನೆಗೆ ಹೋಗಿ ನಿಮ್ಮತ್ತೆಗೆ ಹೇಳಿದೆ. ಮುಂದಿಂದು ನಿನಗೆ ಗೊತ್ತೇ ಇದೆ."

ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಆಕೆಗೆ ಇದನ್ನು ಯಾರೂ ಹೇಳಿರಲಿಲ್ಲ. ಎಂಜಿನಿಯರು ಬೇರೆ ಪಕ್ಕದಲ್ಲೇ ಕೂತಿದ್ದನಲ್ಲ; ನಗು ತಡೆಯಲಾಗದೆ ನೀರು ಕುಡಿಯುವ ನೆಪ ಮಾಡಿ ಹೊರಗೆ ಹೋದ.

ವಾರದ ನಂತರ ಇಡೀ ಆಸ್ಪತ್ರೆ ಹೊಸ ವ್ಯವಸ್ಥೆಯಲ್ಲಿ ನಡೆಯತೊಡಗಿತು. ಎಂಜಿನಿಯರು ಆಕೆಯ ಕೆಲಸವನ್ನು, ಆಕೆಯನ್ನು ಕೇಳಿಯೇ, ತನ್ನ ಕಚೇರಿಗೆ ಕಳಿಸಿದ. ಅವರು ಅದನ್ನು ಸರ್ವರಿನ ಮುಂದಿನ ಆವೃತ್ತಿಗೆ ಸೇರಿಸಿಕೊಂಡರು. ಕೆಳಗೆ ಆಕೆಯ ಹೆಸರೂ ಇದೆ. ಓದಲು ಭೂತಗನ್ನಡಿ ಬೇಕು, ಆ ಮಾತು ಬೇರೆ.

ಈಗ ಯಾವುದೋ ದೂರದ ಹಲ್ಲಿನ ಆಸ್ಪತ್ರೆಯಿಂದ ಪತ್ರ ಬಂದಿದೆ. ಅವರದು ಇದಕ್ಕಿಂತಲೂ ಹಳೇ ಡೇಟಾಬೇಸಂತೆ. ಬಸ್ ಓಡಿಸುವ ಗಂಡ ರಜೆಯ ದಿನ ಅದರ ವಿವರ ಓದಿ ಹೇಳುತ್ತಾನೆ, ಆಕೆ ಬರೆದುಕೊಳ್ಳುತ್ತಾಳೆ. ನಿನ್ನೆ ಅವನು ನಡುವೆ ನಿಲ್ಲಿಸಿ, "ಇದರಲ್ಲಿ ವರ್ಷಕ್ಕೆ ಎರಡೇ ಅಂಕಿ ಅಂತೆ ಕಣೇ. 1910ರಲ್ಲಿ ಹುಟ್ಟಿದವರೂ 2010ರಲ್ಲಿ ಹುಟ್ಟಿದವರೂ ಬರೀ ಹತ್ತು," ಎಂದ. ಆಕೆ ಪೆನ್ನು ಕೆಳಗಿಟ್ಟು ನಕ್ಕಳು; ಕಾಫಿ ಕುಡಿದೇ ಮುಂದುವರಿಯೋಣ ಎಂದಳು.