ತಪಾಸಣೆಯ ದಿನದ ತಾಯಿ

ಹಾಂಕಾಂಗಿನ ಕ್ವೋಕ್ ಯಜಮಾನಿ, ಸರ್ಕಾರದ ತಪಾಸಣೆಯಮ್ಮ ಬಂದಾಗ ಮಾತ್ರ ತಾಯಿಯಾಗುತ್ತಾಳೆ. ಕೊಂಡು ತಂದ ಆಳುಹುಡುಗಿಯರನ್ನು ದಾಖಲಿಸಿ ಸಂಬಳ ಕೊಡಬೇಕೆಂಬ ಕಾನೂನು ಬಂದದ್ದೇ ತಡ, ಅವಳು ಕೊಂಡಿದ್ದ ಅಹ್ ಚೋಯ್ ಸಾಕುಮಗಳಾಗಿಬಿಟ್ಟಳು. ಮೆಟ್ಟಿಲ ಮೇಲೆ ಬೂಟಿನ ಸದ್ದಾದರೆ ಸಾಕು, ಹುಡುಗಿಯ ಕಾಲಿಗೆ ರೇಷ್ಮೆ ಚಪ್ಪಲಿ, ಬಾಯಿಗೆ ಕಮಲಬೀಜದ ಮಿಠಾಯಿ. "ಅಮ್ಮಾ ಅನ್ನೇ, ಮುಂಡೇದೇ! ನಗು!" ಎಂದು ಚಿವುಟಿದ ಕೈಯಲ್ಲೇ ಗಲ್ಲ ಸವರಿ, "ನನ್ನ ಕಣ್ಣಮ್ಮಾ ಇವಳು, ಹೆತ್ತೋರಿಗೂ ಇಷ್ಟು ಪ್ರೀತಿ ಇರಲ್ಲ" ಎಂದು ಬಂದವಳಿಗೆ ಹಲ್ಲು ಕಿರಿಯುತ್ತಾಳೆ. ಈ ಸಲ ಮಾತ್ರ ಕುರ್ಚಿಯ ಮೇಲಿದ್ದ ಕೋಳಿಗರಿಯ ಬೆತ್ತವನ್ನು ಬಚ್ಚಿಡಲು ಮರೆತಿದ್ದಳು; ಮೇಜಿನ ಧೂಳಿಗೂ ಹುಡುಗಿಯ ಬೆನ್ನಿಗೂ ಅದೊಂದೇ. ಕೂರಲು ಜಾಗ ಮಾಡಿಕೊಳ್ಳಲೆಂದು ತಪಾಸಣೆಯಮ್ಮ ಅದನ್ನೆತ್ತಿದಳು. ಅಹ್ ಚೋಯ್ ಮೊಣಕೈಯಿಂದ ಮುಖ ಮುಚ್ಚಿಕೊಂಡಳು. ಅವಳಿಗಿಂತ ಮೊದಲೇ ಯಜಮಾನಿ, ಚಿಕ್ಕಂದಿನ ಅಭ್ಯಾಸದಂತೆ, ಹಾಗೆಯೇ ಮೊಣಕೈಯೆತ್ತಿ ಮುಚ್ಚಿಕೊಂಡಿದ್ದಳು.