ಒಡೆಯಬೇಕಿದ್ದ ಬೂದುಗುಂಬಳ

ನಾನು ಚಿಕ್ಕವನಿದ್ದಾಗ ನನಗೆ ಅರವತ್ತೆಂಟು ವರ್ಷ. ನಗಬೇಡಿ ಮಕ್ಕಳೇ. ಪಕ್ಕದಲ್ಲಿ ಎಪ್ಪತ್ತಾರರ ಅಕ್ಕ ನಿಂತಿದ್ದರೆ ಅರವತ್ತೆಂಟೂ ಬಾಲ್ಯವೇ. ಅಕ್ಕ ಎಂದರೆ ಒಡಹುಟ್ಟಿದವರಲ್ಲ. ಸ್ಯಾನ್ ಡಿಯಾಗೋದಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆಗಿದ್ದ ಚೀನಾದ ಹೆಂಗಸು. ಇಪ್ಪತ್ತಾರನೇ ವಯಸ್ಸಿಗೆ ಲಾಸ್ ಏಂಜಲೀಸ್‌ಗೆ ಬಂದು, ಬಟ್ಟೆ ಕಾರ್ಖಾನೆಯಲ್ಲಿ ಕಾಲರ್ ಹೊಲಿದು, ಆಮೇಲೆ ನಮ್ಮೂರಿಗೆ ಬಂದು ಸ್ವಂತ ತಿಂಡಿ ಅಂಗಡಿ ಇಟ್ಟು, ನಡುವೆ ಪುರುಸೊತ್ತು ಮಾಡಿಕೊಂಡು ತಮ್ಮ ಬದುಕಿನ ಕಥೆಯನ್ನು ಪುಸ್ತಕ ಮಾಡಿದವರು. ಎರಡನೆಯ ಪುಸ್ತಕವನ್ನು ಹಿಟ್ಟು ನಾದುವ ಮೇಜಿನ ಮೇಲೆಯೇ ಬರೆಯುತ್ತಿದ್ದರು. ಹಾಳೆ ತಿರುವಿದರೆ ಶುಂಠಿಯ ವಾಸನೆ.

ಕೊರೊನಾ ಬಂದ ವರ್ಷ ಅವರ ಅಂಗಡಿ ಮುಚ್ಚಿತು. ಮರುವರ್ಷ ಹೊಸದೊಂದನ್ನು ತೆರೆಯುತ್ತೇನೆ ಎಂದಾಗ, ಲಾಸ್ ಏಂಜಲೀಸ್‌ನಲ್ಲಿದ್ದ ಮಗಳು ಷರತ್ತು ಹಾಕಿದಳು: ಮೊದಲ ದಿನ ಜನ ಬರದಿದ್ದರೆ ಅಂಗಡಿಯ ಬೀಗದಕೈ ಕಟ್ಟಡದ ಮಾಲೀಕರಿಗೆ ಕೊಟ್ಟು ತನ್ನ ಜೊತೆ ಬಂದುಬಿಡಬೇಕು. ಅಕ್ಕ "ಆಗಲಿ" ಎಂದರು. ಸೋಲುವ ಯೋಚನೆ ಅವರ ಹತ್ತಿರ ಸುಳಿದಂತೆಯೇ ಕಾಣಲಿಲ್ಲ.

ನಾನು ಸುಮ್ಮನಿರಲಾರದೆ ಎರಡು ಘನಕಾರ್ಯ ಕೈಗೊಂಡೆ. ಊರಿನಲ್ಲಿ ನನಗೆ ಗೊತ್ತಿದ್ದ ಕನ್ನಡದವರಿಗೆಲ್ಲ ಫೋನ್ ಮಾಡಿ ಕರೆದೆ. ಜೊತೆಗೆ, ಹೊಸ ಅಂಗಡಿಗೆ ದೃಷ್ಟಿ ತೆಗೆದು ಬಾಗಿಲಲ್ಲಿ ಒಡೆಯಲು ದಪ್ಪ ಬೂದುಗುಂಬಳಕಾಯಿ ತಂದು, ಅಂಗಡಿ ತೆರೆಯುವ ಶನಿವಾರದ ರಾಹುಕಾಲ ಕಳೆಯಲಿ ಎಂದು ಅಲ್ಲಿನ ಅಡುಗೆಮನೆಯ ಮೂಲೆಯಲ್ಲಿಟ್ಟೆ.

ಹತ್ತು ಗಂಟೆಗೇ ಮೂವತ್ತು ಜನ ಮಾಸ್ಕ್ ಹಾಕಿಕೊಂಡು ಹೊರಗಿನ ಮೇಜುಗಳ ಸುತ್ತ ಸೇರಿದರು. ಬಿದಿರಿನ ಬುಟ್ಟಿಗಳಿಂದ ಬಿಸಿ ಹಬೆ ಏಳುತ್ತಿತ್ತು. ಧಾರವಾಡದ ಅಂಕಲ್ ಒಬ್ಬರು ಬುಟ್ಟಿಯೊಳಗೆ ಇಣುಕಿ, "ಈ ಕಡುಬಿನಾಗ ಏನೈತ್ರಿ?" ಎಂದರು.

"ಹಂದಿ," ಎಂದೆ.

"ಆ ಬುಟ್ಟ್ಯಾಗ?"

"ಸೀಗಡಿ."

"ಹಂಗಾರ ನಮಗೇನೈತ್ರಿ?"

ಆಗ ಹೊಳೆಯಿತು. ನಾನು ಕರೆದವರಲ್ಲಿ ಮಾಂಸ ತಿನ್ನುವವರು ಒಬ್ಬರೂ ಇರಲಿಲ್ಲ. ಅಕ್ಕನಿಗೆ ಅದೊಂದನ್ನು ಹೇಳುವುದು ಮರೆತಿದ್ದೆ. ಜನ ಬಹಳ ಮರ್ಯಾದೆಯಿಂದ ಕಾರಿನ ಕೀ ತಡಕಾಡತೊಡಗಿದರು. ಷರತ್ತಿನ ಗತಿ ನೋಡಲು ಬಂದಿದ್ದ ಮಗಳು ಅಮ್ಮನ ಕೈಚೀಲ ಎತ್ತಿಕೊಂಡಳು.

ಒಳಗೆ ಓಡಿ ತಪ್ಪೊಪ್ಪಿಕೊಂಡೆ. ಅಕ್ಕ ಬೈಯಲಿಲ್ಲ. ಮೂಲೆಯತ್ತ ನೋಡಿದರು. "ಇಷ್ಟು ಒಳ್ಳೆ ಕಾಯಿ ಇದೆಯಲ್ಲೋ!" ಎಂದವರೇ ಅದನ್ನು ಎತ್ತಿ ಮೇಜಿನ ಮೇಲಿಟ್ಟು ಎರಡು ಹೋಳು ಮಾಡಿದರು.

"ಅಕ್ಕಾ, ಅದು ತಿನ್ನೋದಕ್ಕಲ್ಲ! ಕೆಟ್ಟ ಕಣ್ಣು ಬೀಳಬಾರದು ಅಂತ ನೆಲಕ್ಕೆ ಒಡೆಯೋದಕ್ಕೆ!"

"ನೆಲಕ್ಕಾ? ಇದನ್ನಾ?" ಅವರ ಚಾಕು ನಿಲ್ಲಲಿಲ್ಲ. "ಕಣ್ಣು ಬೀಳಲಿ ಅಂತಲೇ ಅಂಗಡಿ ತೆಗೆದಿದ್ದೀನಿ. ಮಾತು ಸಾಕು, ಸಿಪ್ಪೆ ತೆಗಿ."

ನಾವಿಬ್ಬರೂ ಮಾತಾಡಿದ್ದು ಮುರುಕು ಇಂಗ್ಲಿಷಿನಲ್ಲಿ. ಘನತೆ ಇರಲೆಂದು ಕನ್ನಡದಲ್ಲಿ ಬರೆದಿದ್ದೇನೆ.

ಸಿಪ್ಪೆ ತೆಗೆದು, ಹೊರಗೆ ಹೋಗಿ ಕೈಮುಗಿದು, "ಇನ್ನರ್ಧ ಗಂಟೆ ಇರಿ" ಎಂದು ಕೈಗೆ ಸಿಕ್ಕವರನ್ನೆಲ್ಲ ತಡೆದು ನಿಲ್ಲಿಸಿದೆ. ಒಳಗೆ ಬೇರೆ ಪಾತ್ರೆಯಲ್ಲಿ ಶುಂಠಿ, ಒಣ ಅಣಬೆ, ಗಾಜಿನಂತೆ ಬೆಂದ ಕುಂಬಳದ ಹೋಳು, ಕೊನೆಗೆ ಎರಡು ಹನಿ ಎಳ್ಳೆಣ್ಣೆ. ಆ ಪರಿಮಳ ಪಾರ್ಕಿಂಗ್ ಲಾಟ್‌ವರೆಗೂ ಹೋಗಿ, ಕಾರು ಹತ್ತಿದ್ದವರನ್ನೂ ಇಳಿಸಿ ಕರೆತಂದಿತು. ಧಾರವಾಡದ ಅಂಕಲ್ "ಖಾರ ಒಂಚೂರು ಕಡಿಮಿ ಆಗೇತ್ರಿ" ಎನ್ನುತ್ತಲೇ ಮೂರು ಬಟ್ಟಲು ಸೂಪ್ ಕುಡಿದರು. ಇಷ್ಟು ಜನ ಮುಗಿಬಿದ್ದದ್ದನ್ನು ಕಂಡು ದಾರಿಹೋಕರೂ ಸಾಲು ನಿಂತರು. ಮಧ್ಯಾಹ್ನದೊಳಗೆ ಹಂದಿ, ಸೀಗಡಿಯ ಬುಟ್ಟಿಗಳೂ ಬರಿದಾದವು. ಮಗಳು ಕೈಚೀಲ ಕೆಳಗಿಟ್ಟು, ಅಂಗಿಯ ತೋಳು ಮಡಿಸಿ, ಬಟ್ಟಲು ತೊಳೆಯಲು ನಿಂತಳು. ಸಂಜೆ ಒಬ್ಬಳೇ ಲಾಸ್ ಏಂಜಲೀಸ್‌ಗೆ ಡ್ರೈವ್ ಮಾಡಿಕೊಂಡು ಹೋದಳು. ಅಕ್ಕ ಮೇಜಿನ ಹಿಟ್ಟು ಒರೆಸಿ ಬರೆಯಲು ಕೂತರು.

ನಿಮಗೆ ಈಗ ಹಸಿವಾದರೆ ಫೋನ್ ಒತ್ತುತ್ತೀರಿ. ಯಾರೋ ಚೀಲ ಇಟ್ಟು, ಬೆಲ್ ಮಾಡಿ, ಮುಖ ತೋರಿಸದೆ ಹೋಗುತ್ತಾರೆ. ಅನುಕೂಲವೇ, ನಾನೂ ತಿನ್ನುತ್ತೇನೆ. ಅಕ್ಕನ ಅಂಗಡಿಯಲ್ಲಿ ಮಾತ್ರ ಅಡುಗೆ ಮಾಡಿದವರು ಸೌಟು ಹಿಡಿದು ಎದುರಿಗೇ ನಿಂತಿರುತ್ತಿದ್ದರು. ಅಲ್ಲಿ ಚೆನ್ನಾಗಿದೆ ಎಂದರೆ ಸಾಲದು, ಬರಿದಾದ ಬಟ್ಟಲು ಬಗ್ಗಿಸಿ ತೋರಿಸಬೇಕಿತ್ತು.