ಭೌರಮ್ಮ ಎಳೆದ ಗೆರೆ

ದೆವ್ವ, ಜಿನ್ನು, ನಜರು ಎಂಬ ಮಾತು ಬಂದರೆ ನಗುವವರ ಪೈಕಿ ನಾನು. ನಮ್ಮ ಅಮ್ಮಿ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ, ಘಾಟು ಬರಲಿಲ್ಲವೆಂದರೆ ನಜರಾಗಿದೆ, ದೃಷ್ಟಿ ತಾಗಿದೆ ಎನ್ನುತ್ತಿದ್ದಳು. ಮೆಣಸಿನಕಾಯಿ ಸರಿಯಾಗಿ ಒಣಗಿಲ್ಲ ಎಂದು ನಾನು ಅನ್ನುತ್ತಿದ್ದೆ. ಹೈಸ್ಕೂಲಿನಲ್ಲಿ ಹದಿನೆಂಟು ವರ್ಷದಿಂದ ವಿಜ್ಞಾನ ಕಲಿಸುತ್ತಿದ್ದೇನೆ, ನಂಬಿಕೆಯ ವಿಷಯದಲ್ಲಿ ಇವತ್ತಿಗೂ ಬದಲಾಗಿಲ್ಲ. ಆದರೆ ನಾಲ್ಕು ವರ್ಷದ ಹಿಂದೆ ನನ್ನ ಪ್ರಯೋಗಾಲಯದಲ್ಲಿ, ಹಾಡಹಗಲೇ, ಒಂದು ಸಂಗತಿ ನಡೆಯಿತು. ಅದನ್ನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಇದರಲ್ಲಿ ನಾನು ಒಳ್ಳೆಯವಳಾಗಿ ಕಾಣುವುದಿಲ್ಲ, ಅದನ್ನೂ ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಮ್ಮ ಮನೆ ವಿಜಯಪುರದಲ್ಲಿ, ಸ್ಟೇಷನ್ ರಸ್ತೆಯ ಹಿಂದೆ. ಶಾಲೆ ತಿಕೋಟಾದ ಆಚೆ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಆ ವರ್ಷ ಒಂಬತ್ತನೇ ತರಗತಿಗೆ ಸಮುದ್ರದ ಜೀವಿಗಳ ಬಗ್ಗೆ ಹೇಳುತ್ತಿದ್ದಾಗ, ಸಮುದ್ರ ನೋಡಿದವರು ಕೈ ಎತ್ತಿ ಎಂದೆ. ಒಂದು ಕೈಯೂ ಮೇಲೆ ಬರಲಿಲ್ಲ. ಹಾಗಾದರೆ ಸಮುದ್ರವನ್ನೇ ಇಲ್ಲಿಗೆ ತರುತ್ತೇನೆ ಎಂದು ಜಂಬದಿಂದ ಹೇಳಿಬಿಟ್ಟೆ.

ತರುವುದು ಅಷ್ಟು ಸುಲಭವಿರಲಿಲ್ಲ. ಮೂರಡಿಯ ಗಾಜಿನ ತೊಟ್ಟಿಯನ್ನು ವಿಜಯಪುರದಲ್ಲಿ ಮಾಡಿಸಿ, ಹಳೆಯ ಹಾಸಿಗೆ ಸುತ್ತಿ, ಟಂಟಂ ಆಟೋದಲ್ಲಿ ತಂದೆವು. ಅಲಂಕಾರದ ಮೀನು ಮಾರುವ ಅಂಗಡಿಯವನೊಬ್ಬ ಸಮುದ್ರದ ಉಪ್ಪಿನ ಪುಡಿ, ಕಲ್ಲು, ಗಾಳಿಯ ಪಂಪು ಎಲ್ಲ ಮುಂಬಯಿಯಿಂದ ತರಿಸಿಕೊಟ್ಟ. ಹುಡುಗರಿಗೆ ಇದೆಲ್ಲ ತಮಾಷೆ. "ಟೀಚರ್, ನಮ್ಮ ಬೋರಿನ ನೀರಽ ಉಪ್ಪ ಅದಾವಲ್ರಿ, ಮತ್ತ್ಯಾಕ ಮುಂಬೈ ಉಪ್ಪ?" ಎಂದು ಒಬ್ಬ ಕೇಳಿದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಕುಡಿಯುವ ನೀರಿನ ಘಟಕದಿಂದ ಕೊಡ ಕೊಡ ಸೀನೀರು ಹೊತ್ತು ತಂದು ಉಪ್ಪು ಕಲಸಿದೆವು. ಮೀನು ಬಿಡುವ ಮೊದಲು ಒಂದು ತಿಂಗಳು ಬರೀ ನೀರು, ಕಲ್ಲು ಹಾಕಿ ಪಂಪು ಓಡಿಸಬೇಕು ಎಂದು ಅಂಗಡಿಯವನು ಹೇಳಿದ್ದ, ಹಾಗೆಯೇ ಕಾದೆವು. ಫೆಬ್ರುವರಿಯಲ್ಲಿ ಐದು ಮೀನು ಬಂದವು. ಕಿತ್ತಳೆ ಬಣ್ಣ, ಮೈಮೇಲೆ ಬಿಳಿ ಪಟ್ಟಿ, ಹೆಬ್ಬೆರಳಿನಷ್ಟು ಉದ್ದ.

ಘೋಣಸಗಿಯಿಂದ ಬರುತ್ತಿದ್ದ ಭೌರಮ್ಮ ಎಂಬ ಹುಡುಗಿಗೆ ತೊಟ್ಟಿಯ ಉಸ್ತುವಾರಿ ಕೊಟ್ಟೆ. ಮಾತು ಕಡಿಮೆ, ಕೆಲಸ ಜಾಸ್ತಿ. ತಂದೆತಾಯಿ ದ್ರಾಕ್ಷಿ ತೋಟಗಳಿಗೆ ಕೂಲಿಗೆ ಹೋಗುವವರು. ರಜೆಯ ದಿನ ಅವಳೂ ಮಣೂಕದ ಶೆಡ್ಡಿಗೆ, ಒಣದ್ರಾಕ್ಷಿ ಆರಿಸಲು ಹೋಗುತ್ತಿದ್ದಳು. ನೀರು ಎಲ್ಲಿಯವರೆಗೆ ಇರಬೇಕು ಎಂದು ಗಾಜಿನ ಮೇಲೆ ಒಂದು ಗೆರೆ ಎಳೆಯಲು ಹೇಳಿದೆ. ಯಾರದೋ ಕೆಂಪು ನೇಲ್ ಪಾಲಿಶ್ ತಂದು, ಸ್ಕೇಲು ಹಿಡಿದು, ಉಸಿರು ಬಿಗಿಹಿಡಿದು ನೀಟಾಗಿ ಎಳೆದಳು.

ನಮ್ಮ ಕಡೆಯ ಬಿಸಿಲು ಫೆಬ್ರುವರಿ ಕೊನೆಗೇ ಶುರು. ತೊಟ್ಟಿಯ ನೀರು ದಿನದಿನಕ್ಕೆ ಗೆರೆಯಿಂದ ಇಳಿಯುತ್ತಿತ್ತು. ನಾನು ಬಕೀಟಿನಲ್ಲಿ ಉಪ್ಪು ಕಲಸಿ ಮತ್ತೆ ಗೆರೆಯವರೆಗೆ ತುಂಬುತ್ತಿದ್ದೆ. ಸಮುದ್ರದ ತೊಟ್ಟಿಗೆ ಸಮುದ್ರದ ನೀರೇ ಹಾಕಬೇಕಲ್ಲ ಎಂಬುದು ನನ್ನ ತಿಳಿವಳಿಕೆ. ಉಪ್ಪು ಅಳೆಯುವ ಮಾಪಕ ಮೊದಲ ವಾರವೇ ನನ್ನ ಕೈಜಾರಿ ಒಡೆದಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಮಾರ್ಚಿನಲ್ಲಿ ಒಂದು ಮೀನು ಸತ್ತಿತು. ನಾಲ್ಕು ದಿನಕ್ಕೆ ಇನ್ನೊಂದು, ಮತ್ತೆ ಮೂರನೆಯದು. ಆಗ ಭೌರಮ್ಮ ಹಿಂದೆಮುಂದೆ ನೋಡುತ್ತಾ ಬಂದು ಹೇಳಿದಳು, "ಟೀಚರ್, ನೀರಷ್ಟ ಹಾರಿ ಹೋಗ್ತಾವ್ರಿ. ಉಪ್ಪ ಅಲ್ಲೇ ಉಳೀತದಲ್ರಿ? ನೀವಽ ಎಂಟನೇತ್ತಾಗ ಹೇಳಿಕೊಟ್ಟಿದ್ರಿ."

ಇಡೀ ತರಗತಿ ಕೇಳಿಸಿಕೊಳ್ಳುತ್ತಿತ್ತು. ನನ್ನ ಮುಖಕ್ಕೆ ರಕ್ತ ಏರಿತು. "ನನಗ ಕಲಿಸಾಕ ಬಂದೀಯೇನ? ಹೋಗಿ ಕುಂದ್ರು" ಎಂದೆ.

ಮರುದಿನ ಪ್ರಾರ್ಥನೆಯ ಗಂಟೆಗೆ ಮುಂಚೆ ಪ್ರಯೋಗಾಲಯಕ್ಕೆ ಹೋದರೆ, ಅವಳು ತನ್ನ ಹಸಿರು ಬಾಟಲಿಯ ಕುಡಿಯುವ ನೀರನ್ನು ತೊಟ್ಟಿಗೆ ಸುರಿಯುತ್ತಿದ್ದಳು. ನಾಲ್ಕನೆಯ ಮೀನು ಮೇಲೆ ತೇಲುತ್ತಿತ್ತು. ನನಗೆ ಬೇಕಾಗಿದ್ದದ್ದು ಸಿಕ್ಕಿಬಿಟ್ಟಿತು. ಬಾಟಲಿ ಕಸಿದು ಕಬ್ಬಿಣದ ಕಪಾಟಿನಲ್ಲಿ ಇಟ್ಟು ಕೀಲಿ ಹಾಕಿದೆ. ಸತ್ತ ಮೀನನ್ನು ಅವಳ ಅಂಗೈಯಲ್ಲಿ ಇಟ್ಟು, ಪ್ರಾರ್ಥನೆಗೆ ನಿಂತ ಇಡೀ ಶಾಲೆಯ ಮುಂದೆ ನಿಲ್ಲಿಸಿದೆ. ಮಣೂಕದ ಔಷಧ ಹತ್ತಿದ ಕೈಯಿಂದ, ಹೇಳದೆ ಕೇಳದೆ ನೀರು ಹಾಕಿ ಮೀನು ಕೊಂದವಳು ಇವಳೇ ಎಂದು ಮೈಕಿನಲ್ಲಿ ಹೇಳಿದೆ. ಅವಳು ಅಳಲಿಲ್ಲ. ಅತ್ತಿದ್ದರೆ ಬೇಗ ಬಿಟ್ಟುಬಿಡುತ್ತಿದ್ದೆನೋ ಏನೋ. ಬಿಸಿಲು ನೆತ್ತಿಗೆ ಬರುವವರೆಗೆ ನಿಲ್ಲಿಸಿದೆ. ಅವತ್ತಿನಿಂದ ಹುಡುಗರು ಅವಳನ್ನು "ಮೀನ ಕೊಂದಾಕಿ" ಎಂದೇ ಕರೆಯತೊಡಗಿದರು. ಎರಡು ದಿನ ಬಂದಳು, ಮೂರನೆಯ ದಿನದಿಂದ ಬರಲಿಲ್ಲ.

ವಾರದ ಮೇಲೆ ಅಂಗಡಿಯವನಿಗೆ ಫೋನು ಮಾಡಿ ಮೀನು ಯಾಕೆ ಸಾಯುತ್ತಿವೆ ಎಂದು ಕೇಳಿದೆ. "ಇಳದ ನೀರ ಏರ್ಸಾಕ ಬರೇ ಸೀನೀರ ಹಾಕಬೇಕ್ರಿ ಮೇಡಂ. ಉಪ್ಪಿನ ನೀರ ಹಾಕ್ಕೋತ ಹೋದ್ರ ಉಪ್ಪ ಏರಿ ಏರಿ ಸಾಯ್ತಾವ" ಎಂದ. ಆಯಿತು ಎಂದು ಫೋನು ಇಟ್ಟೆ. ಇದನ್ನು ನಾನು ಯಾರಿಗೂ ಹೇಳಲಿಲ್ಲ. ಉಳಿದ ಒಂದೇ ಮೀನಿಗೆ ಸದ್ದಿಲ್ಲದೆ ಸೀನೀರು ಹಾಕುತ್ತಾ ಬಂದೆ. ಅದು ಚೇತರಿಸಿಕೊಂಡು ಓಡಾಡತೊಡಗಿತು. ಅದು ಓಡಾಡುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತಿತ್ತು.

ಏಪ್ರಿಲ್‌ನಲ್ಲಿ ಬೇಸಿಗೆ ರಜೆ ಬಂತು. ಮೀನನ್ನು ಅಂಗಡಿಯವನಿಗೆ ವಾಪಸು ಕೊಡಬಹುದಿತ್ತು, ಮನೆಗೆ ಒಯ್ಯಬಹುದಿತ್ತು. ನಾನು ಎರಡನ್ನೂ ಮಾಡಲಿಲ್ಲ. ಪಂಪು ಓಡಲು ಬಿಟ್ಟು, ಕಿಟಕಿಗಳ ಚಿಲಕ ಹಾಕಿ, ಬಾಗಿಲಿಗೆ ಕೀಲಿ ಜಡಿದು ಬಂದೆ. ರಜೆಯಲ್ಲಿ ಅದು ಸತ್ತರೆ ಆ ಮಾತು ಅಲ್ಲಿಗೆ ಮುಗಿಯುತ್ತದೆ ಎಂಬುದು ನನ್ನ ಲೆಕ್ಕ. ಪ್ರಯೋಗಾಲಯಕ್ಕೂ ಕಪಾಟಿಗೂ ಒಂದೊಂದೇ ಕೀಲಿಕೈ. ಎರಡೂ ನನ್ನ ಪರ್ಸಿನಲ್ಲಿದ್ದವು.

ಮೂರು ವಾರದ ಮೇಲೆ, ತರಬೇತಿಗೆ ಬೇಕಾದ ಒಂದು ಪುಸ್ತಕಕ್ಕಾಗಿ ಮಧ್ಯಾಹ್ನ ಶಾಲೆಗೆ ಹೋದೆ. ಕೀಲಿ ತೆಗೆದಾಗ ಕೆಟ್ಟ ವಾಸನೆ ಬರುತ್ತದೆಂದು ಸೆರಗು ಮೂಗಿಗೆ ಹಿಡಿದಿದ್ದೆ. ವಾಸನೆ ಇರಲಿಲ್ಲ. ತೊಟ್ಟಿಯ ನೀರು ಭೌರಮ್ಮ ಎಳೆದ ಕೆಂಪು ಗೆರೆಗೆ ಸರಿಯಾಗಿ ನಿಂತಿತ್ತು. ಕೂದಲೆಳೆಯಷ್ಟೂ ಕೆಳಗಿರಲಿಲ್ಲ. ಮೀನು ಗಾಜಿನ ಹತ್ತಿರ ಬಂದು ನನ್ನನ್ನು ನೋಡಿ ಆಚೆ ಹೋಯಿತು.

ಮೀನು ಬದುಕಿದ್ದಕ್ಕೆ ಕಾರಣ ಹೇಳಬಲ್ಲೆ. ಕಲ್ಲಿನ ಮೇಲೆ ಹಸಿರು ಪಾಚಿ ಬೆಳೆದಿತ್ತು, ಅದನ್ನು ತಿಂದು ಬದುಕಿರಬಹುದು. ಆದರೆ ಆ ಬಿಸಿಲಿನಲ್ಲಿ ಮೂರು ವಾರಕ್ಕೆ ನೀರು ಕಾಲು ಭಾಗವಾದರೂ ಇಳಿದಿರಬೇಕಿತ್ತು. ಕಿಟಕಿಯ ಚಿಲಕಗಳು ಹಾಕಿದಂತೆಯೇ ಇದ್ದವು. ನೆಲದ ಧೂಳಿನ ಮೇಲೆ ನನ್ನ ಚಪ್ಪಲಿಯ ಗುರುತು ಬಿಟ್ಟರೆ ಬೇರೆ ಗುರುತಿಲ್ಲ. ಯಾಕೆಂದು ಗೊತ್ತಿಲ್ಲ, ಕಪಾಟಿನ ಕೀಲಿ ತೆಗೆದೆ. ಹಸಿರು ಬಾಟಲಿ ನಾನು ಇಟ್ಟಲ್ಲೇ ಇತ್ತು. ಮುಚ್ಚಳವಿಲ್ಲದೆ ತಿಂಗಳ ಮೇಲೆ ಇದ್ದರೂ ಒಳಗೆ ಹಸಿಯಾಗಿತ್ತು. ತಲೆಕೆಳಗೆ ಮಾಡಿದರೆ ಎರಡು ಹನಿ ನೀರು ನನ್ನ ಅಂಗೈ ಮೇಲೆ ಬಿತ್ತು. ನಾಲಿಗೆಗೆ ಹಚ್ಚಿ ನೋಡಿದೆ, ಸೀನೀರು.

ಅವತ್ತೇ ಘೋಣಸಗಿಗೆ ಹೋದೆ. ಹುಡುಗಿ ಯಾವುದೋ ಉಪಾಯದಿಂದ ಒಳಗೆ ಬಂದಿದ್ದಾಳೆ, ಹಿಡಿದೇ ಬಿಡುತ್ತೇನೆ ಎಂಬ ಹಟ. ಅವಳ ತಾಯಿ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದವಳು ಎದ್ದು ಚಾಪೆ ಹಾಸಿದಳು. "ಆಕಿ ಇಲ್ಲಿಲ್ರಿ ಟೀಚರ್. ಆಕಿ ಸಾಲಿ ಬಿಟ್ಟ ಹದಿನೈದು ದಿನಕ್ಕಽ, ಸೂಟಿ ಬಿಡೂ ಮೊದಲಽ, ನಮ್ಮ ನಾದಿನಿ ಊರಿಗಿ ಕಳಿಸೇವ್ರಿ, ಗಡಿ ಆಚಿ ತಾಸಗಾಂವ ಕಡೆ. ಅಲ್ಲೇ ಮಣೂಕ ಆರಸಾಕತ್ತಾಳ" ಎಂದಳು. ನಡುವೆ ಒಂದು ದಿನವೂ ಊರಿಗೆ ಬಂದಿಲ್ಲವಂತೆ. ಹೊರಡುವಾಗ ತಾಯಿಯೇ ಕೇಳಿದಳು, "ಫೋನ ಮಾಡಿದಾಗೊಮ್ಮಿ ಒಂದಽ ಕೇಳ್ತಾಳ್ರಿ, ಆ ಒಂದು ಮೀನ ಇನ್ನಾ ಅದ ಏನ ಅಂತ. ನಾ ಏನ ಹೇಳ್ಲಿ?"

"ಚಲೋ ಅದ ಅಂತ ಹೇಳ್ರಿ" ಎಂದು ಬಂದುಬಿಟ್ಟೆ.

ಇಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ನಾನು ವಿಜ್ಞಾನದ ಟೀಚರ್, ನನಗೆ ಕಾರಣ ಬೇಕಿತ್ತು. ಹೊಸ ಕೀಲಿ ಹಾಕಿದೆ. ಬಾಗಿಲಿನ ಸಂದಿಗೆ ಕಾಗದದ ಪಟ್ಟಿ ಅಂಟಿಸಿದೆ. ರಜೆಯಲ್ಲೂ ದಿನಾ ಬಸ್ಸು ಹತ್ತಿ ಹೋಗಿ, ಹನ್ನೆರಡರಿಂದ ನಾಲ್ಕರವರೆಗೆ ತೊಟ್ಟಿಯ ಪಕ್ಕ ಕುರ್ಚಿ ಹಾಕಿಕೊಂಡು ಕುಳಿತೆ. ಮುಖ್ಯಗುರುಗಳು ನನ್ನ ಶ್ರದ್ಧೆಯನ್ನು ಹೊಗಳಿದರು. ಘಟಕದ ಸೀನೀರನ್ನು ಅದೇ ಹಸಿರು ಬಾಟಲಿಗೆ ತುಂಬಿ ಕಾಲ ಬಳಿ ಇಟ್ಟುಕೊಂಡಿರುತ್ತಿದ್ದೆ. ಯಾರು ಹಾಕುತ್ತಾರೆಂದು ಗೊತ್ತಾದ ಕೂಡಲೇ ನಾನೇ ಸುರಿಯುವುದು ಎಂದುಕೊಂಡಿದ್ದೆ.

ಯಾರೂ ಹಾಕಲಿಲ್ಲ. ನೀರು ಇಳಿಯತೊಡಗಿತು. ಗೆರೆಯಿಂದ ಒಂದು ಬೆರಳು, ಎರಡು ಬೆರಳು. ಐದನೆಯ ದಿನ ಮೀನು ಮೂಲೆ ಹಿಡಿಯಿತು. ಇಂದು ಹಾಕದವರು ನಾಳೆ ಹಾಕುತ್ತಾರೆ ಎಂದು ನಾನು ಕಾದೆ. ಒಂಬತ್ತನೆಯ ದಿನ ಗುರುವಾರ. ಅದು ಪಕ್ಕಕ್ಕೆ ವಾಲಿ, ನನ್ನ ಮುಖದ ಎದುರಿಗೇ ಗಾಜಿಗೆ ಒರಗಿ, ಬಾಯಿ ತೆರೆದು ಮುಚ್ಚುತ್ತಿತ್ತು. ಕೈ ಚಾಚಿದರೆ ಬಾಟಲಿ. ಇನ್ನು ಅರ್ಧ ತಾಸು ನೋಡೋಣ ಎಂದುಕೊಂಡೆ. ಅರ್ಧ ತಾಸಿನ ಮೇಲೆ ಇನ್ನೂ ಅರ್ಧ ತಾಸು. ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಅದರ ಬಾಯಿ ನಿಂತಿತು. ಕಿಟಕಿ ತೆರೆದು ಬಾಟಲಿಯ ನೀರನ್ನು ಹೊರಗೆ ಚೆಲ್ಲಿ, ಮೀನನ್ನು ಕಾಗದದಲ್ಲಿ ಸುತ್ತಿ ಬೇವಿನ ಮರದ ಬುಡದಲ್ಲಿ ಹೂತು, ನಾಲ್ಕೂವರೆಯ ಬಸ್ಸು ಹಿಡಿದೆ. ಇದನ್ನು ಮನೆಯಲ್ಲೂ ಹೇಳಲಿಲ್ಲ.

ಶಾಲೆ ಮತ್ತೆ ಶುರುವಾದಾಗ, ಬಿಟ್ಟ ಮಕ್ಕಳನ್ನು ಕರೆತರುವ ಕೆಲಸ ಬಂತು. ನನ್ನ ಪಟ್ಟಿಯಲ್ಲಿ ಘೋಣಸಗಿಯೂ ಇತ್ತು. ಭೌರಮ್ಮನ ತಾಯಿ ಈ ಸಲ ಚಾಪೆ ಹಾಸಲಿಲ್ಲ. ಮಗಳನ್ನು ಕರೆಸಿರಿ, ಹತ್ತನೇತ್ತಾ ಮುಗಿಸಲಿ ಎಂದು ನಾನು ಹೇಳಿ ಮುಗಿಸುವವರೆಗೆ ನನ್ನ ಮುಖವನ್ನೇ ನೋಡುತ್ತಿದ್ದಳು.

"ಆಕಿ ಬರೂದಿಲ್ರಿ. ನೀವು ಚಲೋ ಅದ ಅಂದಿದ್ರಿ, ಹಂಗಽ ಹೇಳಿದ್ನಿ. ಒಂದು ಬೇಸ್ತವಾರ ಸಂಜಿಕ ಆಕಿನಽ ಫೋನ ಮಾಡಿದ್ಳು. ಅವ್ವಾ, ಮೀನ ಸತ್ತು ಹೋತು ಅಂದ್ಳು. ಯಾರ ಹೇಳಿದ್ರ ಬೇ ಅಂದ್ನಿ. ಟೀಚರ್ ಬಾಜೂಕಽ ಕುಂತಿದ್ರು, ನನ್ನ ಬಾಟ್ಲಿ ತುಂಬಿ ಅವರ ಕಾಲ ಹಂತ್ಯಾಕ ಇತ್ತು, ಹಾಕ್ಲಿಲ್ಲ ಅಂದ್ಳರಿ." ಆಮೇಲೆ ಅವಳೇ ಕೇಳಿದಳು, "ಹೌದೇನ್ರಿ ಟೀಚರ್?"

"ಏನರ ಕನಸ ಬಿದ್ದಿರಬೇಕ್ರಿ" ಎಂದೆ.

ಆ ಕೋಣೆಯಲ್ಲಿ ನನ್ನ ಹೊರತು ಯಾರೂ ಇರಲಿಲ್ಲ. ಕಿಟಕಿಗಳು ಮುಚ್ಚಿದ್ದವು. ಬಾಟಲಿಯ ಮಾತನ್ನು ನಾನು ಯಾರೊಂದಿಗೂ ಆಡಿರಲಿಲ್ಲ. ಮೂರು ವಾರ ಆ ತೊಟ್ಟಿಗೆ ನೀರು ಹಾಕಿದವರು ಯಾರು, ಹಾಕುತ್ತಿದ್ದವರು ನಾನು ಪಕ್ಕದಲ್ಲಿ ಕುಳಿತ ದಿನದಿಂದ ಯಾಕೆ ನಿಲ್ಲಿಸಿದರು, ನನಗೆ ಇವತ್ತಿಗೂ ತಿಳಿಯದು. ನಾನು ಸುರಿಯಲಿ ಎಂದು ಬಿಟ್ಟುಕೊಟ್ಟರೇನೋ ಎಂದು ಒಮ್ಮೊಮ್ಮೆ ಅನಿಸುತ್ತದೆ. ಹಾಗೆ ಅನಿಸಿದ ದಿನ ಅನ್ನ ಸೇರುವುದಿಲ್ಲ.

ಖಾಲಿ ತೊಟ್ಟಿ ಈಗಲೂ ಪ್ರಯೋಗಾಲಯದಲ್ಲಿದೆ, ಕೆಂಪು ಗೆರೆ ಮಾಸಿಲ್ಲ. ಭೌರಮ್ಮ ಮತ್ತೆ ಶಾಲೆಗೆ ಬರಲಿಲ್ಲ. ಅವಳ ಊರಿನ ಮಕ್ಕಳು ಇಂದಿಗೂ ಅವಳನ್ನು ಮೀನ ಕೊಂದಾಕಿ ಎಂದೇ ಕರೆಯುತ್ತಾರೆ. ಅವಳನ್ನು ನಿಲ್ಲಿಸಿದ ಜಾಗದ ಪಕ್ಕದಲ್ಲಿ, ಅದೇ ಮೈಕಿನ ಎದುರು, ದಿನಾ ಬೆಳಿಗ್ಗೆ ನಾನು ನಿಲ್ಲುತ್ತೇನೆ. ಅವಳು ಕೊಂದಿಲ್ಲ, ನಾನು ಕೊಂದೆ ಎನ್ನಲು ಒಂದು ನಿಮಿಷ ಸಾಕು. ಇವತ್ತೂ ಪ್ರಾರ್ಥನೆ ಮುಗಿಯಿತು, ಮಕ್ಕಳು ಸಾಲಾಗಿ ಒಳಗೆ ಹೋದರು, ನಾನು ಮೈಕು ಬಂದ್ ಮಾಡಿ ಬಂದೆ.